ಕಲಾತಪಸ್ವಿ ಕೆ. ವೆಂಕಟಪ್ಪನವರು

ಮೈಸೂರು ಅರಮನೆಯ ಆಶ್ರಯದಲ್ಲಿ ಚಿತ್ರಕರ್ಮವನ್ನೇ ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಮನೆತನದಲ್ಲಿ ವೆಂಕಟಪ್ಪನವರು ಕ್ರಿ.ಶ. 1886ರಲ್ಲಿ ಜನ್ಮವೆತ್ತಿದರು. ಇವರ ಹಸ್ತಕೌಶಲವನ್ನರಿತ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಇವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರ ಅಂತೇವಾಸಿಯಾಗಿ, ನಂದಲಾಲ ಬೋಸರೇ ಮೊದಲಾದ ಸಹಪಾಠಿಗಳೊಡನೆ ಇವರು ವಿದ್ಯೆಯನ್ನು ಸಂಪಾದಿಸಿದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಗಳು ರಚಿಸಿ 1913ರಲ್ಲಿ ಪ್ರಕಟವಾದ ಪುರಾಣಕಥಾಗ್ರಂಥದಲ್ಲಿ ಇವರು ಬರೆದ ಚಿತ್ರಗಳೂ ಸೇರಿದುವು.

ಮೈಸೂರಿಗೆ ಮರಳಿದ ಬಳಿಕ ದಂತದ ಕಿರುಫಲಕಗಳ ಮೇಲೆ ಸೂಕ್ಷ್ಮವಾದ ಭಾವಚಿತ್ರಗಳನ್ನು ಬರೆದರು. ಉದಕಮಂಡಲ, ಕೊಡೈಕನಾಲುಗಳ ಗಿರಿಶೋಭೆಯನ್ನು ಜಲವರ್ಣಗಳಲ್ಲಿ ಮೂಡಿಸಿದರು. ಆದರೆ ವೀಣೆ ಶೇಷಣ್ಣನವರಲ್ಲಿ ಆರಂಭಿಸಿದ ವೀಣಾಭ್ಯಾಸವು ಇವರ ಮನವನ್ನು ಸಂಪೂರ್ಣವಾಗಿ ಸೆಳೆದು, ಕುಂಚವೋ ವೀಣೆಯೋ ಎಂಬ ತೊಳಲಾಟವನ್ನುಂಟುಮಾಡಿತು. ಅನ್ಯರ ಮುಖಭಾವಗಳನ್ನು ಯಥಾರ್ಥವಾಗಿ ಬರೆದ ಇವರು ತಮ್ಮ ಈ ವೀಣೆಯ ಹುಚ್ಚನ್ನೂ ಮರೆಮಾಚದೆ 1926ರಲ್ಲಿ ಚಿತ್ರವಾಗಿ ಬರೆದಿಟ್ಟರು. ಪರರನ್ನು ಚಿತ್ರಿಸುವುದು ಕೌಶಲದ ಮಾತು. ತನ್ನನ್ನು ತಾನೇ ಕಂಡು ಬರೆಯುವುದಕ್ಕೆ ಅಂತಃಶುದ್ಧಿಯು ಬೇಕು.

ವಿವಾಹಬಂಧನಕ್ಕೆ ಒಳಗಾಗದೆ, ಕಲೆಯನ್ನೇ ವ್ರತವಾಗಿ ಪಾಲಿಸಿದ ವೆಂಕಟಪ್ಪನವರು 1965ರಲ್ಲಿ ದಿವಂಗತರಾದರು. ಅನಂತರ ಬೆಂಗಳೂರಿನಲ್ಲಿ ಇವರ ನಾಮಾಂಕಿತವಾದ ಚಿತ್ರಶಾಲೆಯು ಸ್ಥಾಪಿತವಾಯಿತು. ಕೈಗೊಂಡ ಕಾಯಕದಲ್ಲಿ ಆತ್ಮವಂಚನೆಗೆ ಎಡೆಗೊಡದವರ ಬಾಳು ಸಾಧಕರಿಗೆಲ್ಲ ಕನ್ನಡಿಯಾಗಿರುವುದು.