ಲೆಕ್ಕ ಬರೆದ ದೀಪಧಾರಿಣಿ

ಸಂಘದ ಈ ಸಂಚಿಕೆಗೆ ಯಾರಾದರೂ ದೊಡ್ಡವರ ಬಗ್ಗೆ ಬರೆದುಕೊಡು ಅಂತ ಸಂಪಾದಕ ಮಿತ್ರರು ಬೆನ್ನು ಹತ್ತಿದಾಗ ನನಗೆ ನೆನಪಾದದ್ದು ಊರಿನ ಕನ್ನಡ ಶಾಲೆಯ ಗೋಡೆಯ ಮೇಲಿದ್ದ ಒಂದು ಚಿತ್ರ. ಬಿಳಿ ಟೊಪ್ಪಿಗೆ, ಕೈಯಲ್ಲಿ ದೀಪ, ಸುತ್ತ ಮಲಗಿದ ಸಿಪಾಯಿಗಳು. ಫ್ಲಾರೆನ್ಸ್ ನೈಟಿಂಗೇಲ್, ದೀಪಧಾರಿಣಿ, ಕರುಣಾಮಯಿ. ಪರೀಕ್ಷೆಗೆ ಅಷ್ಟು ಸಾಕಿತ್ತು. ಇಲ್ಲಿ ಮುಂಬಯಿಗೆ ಬಂದು ಕಾಮರ್ಸ್ ಸೇರಿ ಸಂಖ್ಯಾಶಾಸ್ತ್ರದ ಪುಸ್ತಕ ಹಿಡಿದರೆ, ನಕ್ಷೆಗಳ ಪಾಠದಲ್ಲಿ ಮತ್ತೆ ಅದೇ ಹೆಸರು! ದಾದಿಗೆ ಇಲ್ಲೇನು ಕೆಲಸವಪ್ಪಾ ಎಂದು ಹುಡುಕಲು ಹೊರಟೆ. ಸಿಕ್ಕಿದ ಕಥೆ ಗೋಡೆಯ ಚಿತ್ರದಷ್ಟು ಮೆತ್ತಗಿರಲಿಲ್ಲ.

ಆಕೆ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಇಂಗ್ಲೆಂಡಿನ ಸಿರಿವಂತ ಮನೆತನ. ತಂದೆಯೇ ಕೂತು ಮಗಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದ. ಗಣಿತದ ಹುಚ್ಚು ಮಾತ್ರ ಆಕೆಯದೇ. ಮದುವೆ ಬೇಡ, ರೋಗಿಗಳ ಸೇವೆಗೆ ಹೋಗ್ತೇನೆ ಅಂದಾಗ ಮನೆಯಲ್ಲಿ ದೊಡ್ಡ ರಂಪವಾಯಿತು. ಆ ಕಾಲದಲ್ಲಿ ದಾದಿ ಎಂದರೆ ಕುಡಿಯುವವಳು, ಬೇರೆ ಗತಿಯಿಲ್ಲದವಳು ಎಂಬ ಭಾವನೆ. ವರ್ಷಗಟ್ಟಲೆ ಕಾದು 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳು ಕೆಲಸ ಕಲಿತಳು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಗೆ ಮೇಲ್ವಿಚಾರಕಿಯಾದಳು.

ಅಷ್ಟರಲ್ಲಿ ಕ್ರಿಮಿಯಾ ಯುದ್ಧ. ಗಾಯಾಳುಗಳ ದುರವಸ್ಥೆ ಪತ್ರಿಕೆಗಳಲ್ಲಿ ಬಂದು ಇಂಗ್ಲೆಂಡಿನ ಜನ ಕೆರಳಿದರು. ಮಂತ್ರಿ ಸಿಡ್ನಿ ಹರ್ಬರ್ಟ್ ಆಕೆಯ ಸ್ನೇಹಿತ. ಅವನ ಕೋರಿಕೆಯಂತೆ 38 ಮಂದಿ ದಾದಿಯರನ್ನು ಕಟ್ಟಿಕೊಂಡು 1854ರ ನವೆಂಬರಿನಲ್ಲಿ ಸ್ಕುಟಾರಿ ತಲುಪಿದಳು. ಇದು ಇಸ್ತಾಂಬುಲ್ ಪಟ್ಟಣದ ಏಷ್ಯಾ ಬದಿಯ ದಂಡೆ. ಯುದ್ಧ ನಡೆದದ್ದು ಕಪ್ಪು ಸಮುದ್ರದ ಆಚೆ. ಗಾಯಾಳುಗಳನ್ನು ಹಡಗಿನಲ್ಲಿ ತುಂಬಿ ಇಲ್ಲಿಗೆ ತರುತ್ತಿದ್ದರು.

ಆಸ್ಪತ್ರೆ ಅಂದರೆ ಹಳೆಯ ಸೈನ್ಯದ ಬ್ಯಾರಕ್ಕು. ನೆಲದ ಮೇಲೆ ರೋಗಿಗಳ ಸಾಲು, ಬಟ್ಟೆ ತುಂಬ ಹೇನು, ತುಂಬಿ ಹರಿಯುವ ಪಾಯಿಖಾನೆ. ಆಕೆ ಮೊದಲು ಕೈ ಹಾಕಿದ್ದು ಅಡಿಗೆಮನೆಗೆ, ಬಟ್ಟೆ ಒಗೆಯುವ ಕೆಲಸಕ್ಕೆ, ನೆಲ ಉಜ್ಜುವ ಬ್ರಷ್ಷಿಗೆ. ರಾತ್ರಿ ಕಂದೀಲು ಹಿಡಿದು ಸುತ್ತಿದ್ದೂ ನಿಜವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಅಲ್ಲಿ ಸತ್ತವರ ದಾಖಲೆ ಮೂರು ಕಡೆ ಇತ್ತು. ಮೂರರ ಮೊತ್ತವೂ ಬೇರೆ ಬೇರೆ. ನಮ್ಮ ಅಕೌಂಟೆನ್ಸಿ ಪೇಪರಿನಲ್ಲಿ ಎರಡು ರೂಪಾಯಿ ತಾಳೆಯಾಗದಿದ್ದರೆ ರಾತ್ರಿಯೆಲ್ಲ ನಿದ್ದೆಗೆಡುತ್ತೇವೆ. ಅಲ್ಲಿ ತಾಳೆಯಾಗದೆ ಉಳಿದದ್ದು ಮನುಷ್ಯರು.

ಇನ್ನು ಕಥೆಯ ಕಹಿ ಭಾಗ. ಆಕೆ ಬಂದ ಮೇಲೂ ಸಾವು ಇಳಿಯಲಿಲ್ಲ, ಏರಿತು. ಆ ಚಳಿಗಾಲದಲ್ಲಿ ಸ್ಕುಟಾರಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸಿಪಾಯಿಗಳು ತೀರಿಕೊಂಡರು. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 42 ದಾಟಿತ್ತು. ಹೆಚ್ಚಿನವರು ಗುಂಡೇಟಿನಿಂದ ಸತ್ತವರಲ್ಲ. ಭೇದಿ, ಕಾಲರಾ, ಜ್ವರ. ಮಾರ್ಚಿಯಲ್ಲಿ ಸರಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂತು. ನೆಲದಡಿ ನೋಡಿದರೆ ಇಡೀ ಕಟ್ಟಡ ಕಟ್ಟಿಕೊಂಡ ಗಟಾರಗಳ ಮೇಲೆ ಕೂತಿದೆ! ಕುಡಿಯುವ ನೀರಿನ ದಾರಿಯಲ್ಲಿ ಸತ್ತ ಕುದುರೆ. ಗಟಾರ ತೊಳೆಸಿ, ಕಸ ಸಾಗಿಸಿ, ಗೋಡೆಗೆ ಸುಣ್ಣ ಹೊಡೆಸಿದರು, ಗಾಳಿ ಬಿಟ್ಟರು. ಜೂನಿನ ಹೊತ್ತಿಗೆ ಸಾವು ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು.

1856ರಲ್ಲಿ ಊರಿಗೆ ಮರಳುವಾಗ ಮೆರವಣಿಗೆ ಬೇಡವೆಂದು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿದಳು. ಆಮೇಲೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞನ ಜೊತೆ ಲೆಕ್ಕಕ್ಕೆ ಕೂತಳು. ಹೊಟ್ಟೆಗಿಲ್ಲದೆ, ಬಳಲಿ, ತಡವಾಗಿ ಬಂದ ಸಿಪಾಯಿಗಳು ಸತ್ತರು ಅಂತಲೇ ಆಕೆ ಮೊದಲು ನಂಬಿದ್ದಳು. ಅಂಕಿಗಳು ಬೇರೆ ಹೇಳಿದವು. ರಣರಂಗದ ಹತ್ತಿರದ ಆಸ್ಪತ್ರೆಗಳಿಗಿಂತ ಸ್ಕುಟಾರಿಯಲ್ಲೇ ಸಾವು ಜಾಸ್ತಿ. ಅಂದರೆ ತಾನು ರಾತ್ರಿಯಿಡೀ ದೀಪ ಹಿಡಿದು ಸುತ್ತಿದ ಆಸ್ಪತ್ರೆಯೇ ಅವರನ್ನು ಕೊಂದಿತ್ತು. 1857ರಲ್ಲಿ ಆಕೆ ಹಾಸಿಗೆ ಹಿಡಿದಳು. ಕ್ರಿಮಿಯಾದಲ್ಲಿ ಹತ್ತಿದ ಜ್ವರವೇ ಕಾರಣವೆಂದು ಕೆಲವರು, ಮನಸ್ಸಿನ ಆಘಾತವೆಂದು ಕೆಲವರು ಬರೆದಿದ್ದಾರೆ.

ದೇಶವೆಲ್ಲ ದೇವತೆ ಅನ್ನುತ್ತಿರುವಾಗ ಇಂಥ ಲೆಕ್ಕವನ್ನು ಯಾರು ಹೊರಗೆ ಹಾಕುತ್ತಾರೆ ಹೇಳಿ? ಆಕೆ ಹಾಕಿದಳು. ಸರಕಾರ ಪ್ರಕಟಿಸದ ವರದಿಯನ್ನು 1858ರಲ್ಲಿ ಖಾಸಗಿಯಾಗಿ ಅಚ್ಚು ಹಾಕಿಸಿ ಪ್ರಭಾವಶಾಲಿಗಳಿಗೆ ಹಂಚಿದಳು. ಬರೀ ಅಂಕಿ ಯಾರೂ ಓದುವುದಿಲ್ಲವೆಂದು, ಗೊತ್ತಿದ್ದೇ, ಹೂವಿನ ಎಸಳುಗಳಂತೆ ತಿಂಗಳು ತಿಂಗಳ ಸಾವನ್ನು ಬಣ್ಣದಲ್ಲಿ ಬರೆಸಿದಳು. ರೋಗದ ಎಸಳು ದೊಡ್ಡದು, ಗಾಯದ ಎಸಳು ಪುಟ್ಟದು. ನಮ್ಮ ಪುಸ್ತಕದಲ್ಲಿದ್ದದ್ದು ಅದೇ ನಕ್ಷೆ. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಒಂದು ಮಾತು ಮುಚ್ಚಿಡಬಾರದು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದೇ ಆಕೆ ಬಹುಕಾಲ ನಂಬಿದ್ದಳು. ರೋಗಾಣುಗಳ ವಿಚಾರವನ್ನು ಬೇಗ ಒಪ್ಪಲಿಲ್ಲ. ಕಾರಣ ತಪ್ಪು, ಮದ್ದು ಮಾತ್ರ ಸರಿ: ಶುದ್ಧ ನೀರು, ಕಿಟಕಿ, ಗಟಾರ, ದಾದಿಯರು ದಿನಕ್ಕೆ ಹಲವು ಸಲ ಕೈ ತೊಳೆಯೋದು. ಕೊನೆಯದನ್ನು ತನ್ನ ಶುಶ್ರೂಷೆಯ ಪುಸ್ತಕದಲ್ಲೇ ಬರೆದಳು. ಜನ ಕೂಡಿಸಿಕೊಟ್ಟ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಯಿತು.

ಹಾಸಿಗೆಯಿಂದಲೇ ಆಕೆ ಭಾರತಕ್ಕೂ ಕೈ ಚಾಚಿದಳು, ಒಮ್ಮೆಯೂ ಇಲ್ಲಿಗೆ ಬರದೆ. 1859ರಲ್ಲಿ ನೇಮಕವಾದ ಆಯೋಗಕ್ಕಾಗಿ ಇಲ್ಲಿನ ದಂಡು ಪ್ರದೇಶಗಳಿಗೆಲ್ಲ ಪ್ರಶ್ನೆಪತ್ರ ಹೋಯಿತು. ಬಂದ ಉತ್ತರಗಳ ರಾಶಿಯನ್ನು ಆಕೆ ಜಾಲಾಡಿದಳು. ನಮ್ಮ ಬೆಂಗಳೂರು ದಂಡಿನ ಹಲಸೂರು ಕೆರೆಯೂ ಅದರಲ್ಲಿದೆ: ಬಜಾರಿನ ಕೊಳಕು ಹರಿದು ಸೇರುವುದೂ ಅಲ್ಲಿಗೇ, ಕುಡಿಯುವ ನೀರು ಬರುವುದೂ ಅಲ್ಲಿಂದಲೇ. 1863ರ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಹತ್ತು ವರ್ಷದ ಮೇಲೆ ಅದು 18ಕ್ಕೆ ಇಳಿದಿದೆಯೆಂದು ಆಕೆಯೇ ಲೆಕ್ಕ ಒಪ್ಪಿಸಿದಳು. ಹಳ್ಳಿಗಳ ನೀರು, ಚರಂಡಿ, ಬರಗಾಲದ ಬಗ್ಗೆ ಮುಪ್ಪಿನವರೆಗೂ ವೈಸರಾಯರಿಗೆ ಕಾಗದ ಬರೆಯುತ್ತಲೇ ಇದ್ದಳು.

1907ರಲ್ಲಿ ಆರ್ಡರ್ ಆಫ್ ಮೆರಿಟ್ ಪದವಿ ಬಂದಾಗ ಕಣ್ಣು ಪೂರಾ ಹೋಗಿತ್ತು. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣು ಮಾಡೋಣವೆಂದು ಸರಕಾರ ಹೇಳಿತು; ಮನೆಯವರು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯಲ್ಲಿ, ಅಪ್ಪ ಅಮ್ಮನ ಪಕ್ಕದಲ್ಲೇ ಗೋರಿ. ಅದರ ಮೇಲೆ ಆಕೆಯ ಪಾಲಿಗೆ ಇರೋದು ಹೆಸರಿನ ಎರಡು ಅಕ್ಷರ ಎಫ್. ಎನ್., ಹುಟ್ಟಿದ ವರ್ಷ, ಸತ್ತ ವರ್ಷ.