ಅಂಬೇಡ್ಕರರ ಎಂ.ಎ. ಓದು

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆಯಿದೆಯೇ? ಹಾಗಿದ್ದರೆ ಡಾ. ಬಿ.ಆರ್. ಅಂಬೇಡ್ಕರರ (1891–1956) ವಿದ್ಯಾರ್ಥಿ ಜೀವನವನ್ನು ಅವಶ್ಯ ತಿಳಿಯಿರಿ.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿದರು. ಅರ್ಥಶಾಸ್ತ್ರವೇ ಮುಖ್ಯ ವಿಷಯವಾದರೂ ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರಗಳನ್ನೂ ಓದಿದರು. ಪ್ರಾಚೀನ ಭಾರತದ ವಾಣಿಜ್ಯದ ಕುರಿತು ಪ್ರಬಂಧ ಬರೆದು 1915ರಲ್ಲಿ ಎಂ.ಎ. ಪಡೆದರು. ಮರುವರ್ಷವೇ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಜಾತಿಯ ಮೂಲವನ್ನು ವಿಶ್ಲೇಷಿಸಿದರು.

ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಲಂಡನ್ನಿನ ಓದು ಅರ್ಧಕ್ಕೇ ನಿಂತಿತು. ಅವರು ಧೃತಿಗೆಡಲಿಲ್ಲ. ಮುಂಬಯಿಯಲ್ಲಿ ಪ್ರಾಧ್ಯಾಪಕರಾಗಿ ದುಡಿದು, ಹಣ ಕೂಡಿಸಿ 1920ರಲ್ಲಿ ಮರಳಿ ಹೋದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ರೂಪಾಯಿಯ ಸಮಸ್ಯೆಯ ಕುರಿತ ಪ್ರಬಂಧಕ್ಕೆ ಡಿ.ಎಸ್ಸಿ. ಪದವಿ ದೊರೆಯಿತು.

ನೀವೂ ಸುಲಭವೆಂಬ ಕಾರಣಕ್ಕೆ ಐಚ್ಛಿಕ ವಿಷಯಗಳನ್ನು ಆರಿಸದಿರಿ. ನಿಮ್ಮ ಸುತ್ತಲಿನ ಬಡತನದ ಬೇರನ್ನು ಅರಿಯಲು ನೆರವಾಗುವುದನ್ನು ಆರಿಸಿಕೊಳ್ಳಿ.