ಸ್ನೇಹಲತಾ ರೆಡ್ಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆ ಅಡಕೆಯ ತೋಟಗಳಿಗೂ ತುಂಗಾ ಭದ್ರಾ ನದಿಗಳಿಗೂ ಹೆಸರಾದುದು. ಕನ್ನಡ ಚಲನಚಿತ್ರಕ್ಕೆ ಹೊಸ ಹಾದಿ ತೋರಿದ ‘ಸಂಸ್ಕಾರ’ ರೂಪುಗೊಂಡದ್ದು ಈ ಸೀಮೆಯಲ್ಲಿಯೇ, ಶೃಂಗೇರಿಗೆ ಸಮೀಪದ ವೈಕುಂಠಪುರದಲ್ಲಿ. ಆ ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದ ಸ್ನೇಹಲತಾ ರೆಡ್ಡಿಯವರು ಕಲಾವಿದೆಯಾಗಿಯೂ ಸ್ವಾತಂತ್ರ್ಯಪ್ರೇಮಿಯಾಗಿಯೂ ಸ್ಮರಣೀಯರು.

ಸ್ನೇಹಲತಾ ಅವರು 1932ರಲ್ಲಿ ಆಂಧ್ರ ಮೂಲದ ಕ್ರೈಸ್ತ ಮನೆತನವೊಂದರಲ್ಲಿ ಜನಿಸಿದರು. ಪರಕೀಯರ ಆಳ್ವಿಕೆಯನ್ನು ಒಪ್ಪದ ಅವರು ಭಾರತೀಯ ಹೆಸರನ್ನೇ ಇಟ್ಟುಕೊಂಡರು. ದೇಶೀಯ ಉಡುಪನ್ನೇ ಧರಿಸಿದರು. ರಂಗಭೂಮಿಯೆಂದರೆ ಅವರಿಗೆ ಬಲು ಪ್ರೀತಿ. ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ನಾಟಕ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಷೇಕ್ಸ್‌ಪಿಯರನ ನಾಟಕದಲ್ಲಿ ಅಭಿನಯಿಸಿದರು. ಇಬ್ಸನ್ನನ ನಾಟಕವನ್ನು ನಿರ್ದೇಶಿಸಿದರು. ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರು ಅವರ ಪತಿ. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ವಿಚಾರಗಳಿಗೆ ಮನಸೋತವರು.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಅದನ್ನು ಪಟ್ಟಾಭಿಯವರು ಚಲನಚಿತ್ರವಾಗಿಸಿದರು. ಗಿರೀಶ ಕಾರ್ನಾಡರು ಚಿತ್ರಕಥೆಯನ್ನು ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದರು, ಪಿ. ಲಂಕೇಶರು ನಾರಣಪ್ಪನಾದರು. ಆಚಾರವನ್ನು ಮೀರಿ ಬಾಳಿದ ನಾರಣಪ್ಪ ಸತ್ತಾಗ, ಅವನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆ ಅಗ್ರಹಾರವನ್ನು ಕಾಡುತ್ತದೆ. ಆಚಾರ್ಯರು ಗ್ರಂಥಗಳಲ್ಲಿ ಉತ್ತರವನ್ನು ಅರಸುತ್ತಾರೆ. ಅವನೊಡನೆ ಬಾಳಿದ ಚಂದ್ರಿಯನ್ನು ಅಗ್ರಹಾರದವರು ಕೀಳಾಗಿ ಕಂಡಿದ್ದರು. ಆಕೆಯಾದರೋ ತನ್ನ ಒಡವೆಗಳನ್ನೆಲ್ಲ ಅವನ ಸಂಸ್ಕಾರಕ್ಕಾಗಿ ಬಿಚ್ಚಿಡುತ್ತಾಳೆ. ಕೊನೆಗೆ ತಾನೇ ದಹನಕ್ಕೆ ಏರ್ಪಾಡು ಮಾಡುತ್ತಾಳೆ. ಈ ಪಾತ್ರಕ್ಕೆ ಸ್ನೇಹಲತಾ ಅವರು ಗಾಂಭೀರ್ಯವನ್ನೂ ಮಮತೆಯನ್ನೂ ತುಂಬಿದರು.

ನಮ್ಮ ದೇಶದಲ್ಲಿ ಚಲನಚಿತ್ರವನ್ನು ಜನರಿಗೆ ತೋರಿಸುವ ಮೊದಲು 1952ರ ಕಾಯಿದೆಯಂತೆ ಪ್ರಮಾಣಪತ್ರವನ್ನು ಪಡೆಯಬೇಕು. ಜಾತಿಪದ್ಧತಿಯನ್ನು ಪ್ರಶ್ನಿಸುವ ಈ ಚಿತ್ರದಿಂದ ಜನರಲ್ಲಿ ಕ್ಷೋಭೆ ಉಂಟಾದೀತೆಂದು ಶಂಕಿಸಿ ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ನಿಷೇಧಿಸಿತು. ಕಾದಂಬರಿಯಾಗಿ ಜನ ಓದಿದ್ದ ಕಥೆ ತೆರೆಯ ಮೇಲೆ ಬರಬಾರದೆಂಬುದು ವಿಚಿತ್ರವಾದ ಸಂಗತಿ. ಕಲಾವಿದರು ಎದೆಗುಂದಲಿಲ್ಲ. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ನಿಷೇಧವನ್ನು ತೆರವುಗೊಳಿಸಿತು. ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಈ ಗೌರವವನ್ನು ಪಡೆದ ಮೊದಲ ಕನ್ನಡ ಚಿತ್ರ ಅದು. ಶಂಕಿಸಿದವರು ಜನರ ವಿವೇಕವನ್ನು ಕಡಿಮೆಯಾಗಿ ಎಣಿಸಿದ್ದರು.

1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಪತ್ರಿಕೆಗಳ ಮೇಲೂ ಸೆನ್ಸಾರ್ ಬಂದಿತು. ವಿರೋಧಿಸಿದವರು ಸೆರೆಮನೆ ಸೇರಿದರು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತೆಯಾಗಿದ್ದ ಸ್ನೇಹಲತಾ ಅವರನ್ನು ಬರೋಡಾ ಡೈನಮೈಟ್ ಮೊಕದ್ದಮೆಯ ಸಂಬಂಧದಲ್ಲಿ 1976ರ ಮೇ 2ರಂದು ಬಂಧಿಸಲಾಯಿತು. ಮುಂದೆ ಆ ಮೊಕದ್ದಮೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ‘ಮೀಸಾ’ ಕಾಯಿದೆಯಡಿಯಲ್ಲಿ, ವಿಚಾರಣೆಯೇ ಇಲ್ಲದೆ, ಎಂಟು ತಿಂಗಳಿಗೂ ಮಿಕ್ಕಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಿದರು.

ಅವರಿಗೆ ಗೂರಲಿನ ಬೇನೆಯಿತ್ತು. ಸರಿಯಾದ ಚಿಕಿತ್ಸೆ ದೊರೆಯದೆ ಅದು ಉಲ್ಬಣಿಸಿತು. ರಾತ್ರಿಯ ಹೊತ್ತು ಅವರು ಉಸಿರಿಗಾಗಿ ಪಡುತ್ತಿದ್ದ ಪಾಡು ಅಲ್ಲಿಯೇ ಬಂದಿಯಾಗಿದ್ದ ಮಧು ದಂಡವತೆಯವರ ಕಿವಿಗೂ ಬೀಳುತ್ತಿತ್ತು. ಇಂತಹ ಸ್ಥಿತಿಯಲ್ಲಿಯೂ ಸ್ನೇಹಲತಾ ಅವರು ತಮ್ಮ ಸಂಕಟವೊಂದನ್ನೇ ನೆನೆದು ಕೊರಗಲಿಲ್ಲ. ಇತರ ಮಹಿಳಾ ಕೈದಿಗಳ ಬವಣೆಯನ್ನು ಕಂಡು ಮರುಗಿದರು. ಅದನ್ನು ದಿನಚರಿಯಲ್ಲಿ ಬರೆದಿಟ್ಟರು.

ಆರೋಗ್ಯ ತೀರ ಕೆಟ್ಟಾಗ, 1977ರ ಜನವರಿ 15ರಂದು ಅವರನ್ನು ಪೆರೋಲಿನ ಮೇಲೆ ಬಿಟ್ಟರು. ಐದು ದಿನಗಳಲ್ಲಿಯೇ, ಜನವರಿ 20ರಂದು, ಅವರು ಕೊನೆಯುಸಿರೆಳೆದರು. ಎರಡು ತಿಂಗಳು ಕಳೆದು, ಮಾರ್ಚ್ 21ರಂದು, ತುರ್ತುಪರಿಸ್ಥಿತಿ ರದ್ದಾಯಿತು. ಅವರ ಸೆರೆಮನೆಯ ದಿನಚರಿ ಅದೇ ವರ್ಷ ಪುಸ್ತಕವಾಗಿ ಹೊರಬಂದಿತು.

‘ಸಂಸ್ಕಾರ’ದ ನಿಷೇಧವನ್ನು ಹಿಂದೆಗೆದುಕೊಳ್ಳುವುದು ಸರಕಾರಕ್ಕೆ ಸಾಧ್ಯವಾಯಿತು. ಸ್ನೇಹಲತಾ ಅವರ ಪ್ರಾಣವನ್ನು ಮರಳಿ ಕೊಡುವುದು ಯಾರಿಂದಲೂ ಆಗಲಿಲ್ಲ. ಅನ್ಯರ ಮಾತಿಗೆ ಬೀಗ ಹಾಕುವ ಅಧಿಕಾರವುಳ್ಳವರು ಈ ವ್ಯತ್ಯಾಸವನ್ನು ಮರೆಯಬಾರದು. ಅವರಿದ್ದ ಆ ಹಳೆಯ ಸೆರೆಮನೆಯ ನೆಲ ಇಂದು ‘ಸ್ವಾತಂತ್ರ್ಯ ಉದ್ಯಾನ’ವಾಗಿದೆ. ತಮ್ಮ ಅಹವಾಲನ್ನು ಹೇಳಿಕೊಳ್ಳಲು ಜನ ಅಲ್ಲಿ ಬಂದು ಸೇರುತ್ತಾರೆ.